ಮೈಕಣ್ಣ ತಂದ ಬೆಳ್ಳಿ ಗಂಟು

ಬಸ್ಸು ಯಾವಾಗ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿಲ್ದಾಣಗಳಲ್ಲಿ ಮನುಷ್ಯರೇ ಕೂಗಿ ಹೇಳುತ್ತಿದ್ದ ಕಾಲವೊಂದಿತ್ತು. ಎಂದೋ ಧ್ವನಿಮುದ್ರಿಸಿಟ್ಟ ಹೆಣ್ಣುಮಗಳೊಬ್ಬಳು ನೆಗಡಿ, ಕೆಮ್ಮು, ಕೋಪ ಯಾವುದೂ ಇಲ್ಲದೆ ವರ್ಷವಿಡೀ ಒಂದೇ ರಾಗದಲ್ಲಿ ಹೇಳುವ ಈಗಿನ ಏರ್ಪಾಡು ಆಗ ಇರಲಿಲ್ಲ. ನಿಲ್ದಾಣದ ನಟ್ಟನಡುವೆ ಮೂರು ಕಡೆ ಗಾಜು ಹಾಕಿದ ಒಂದು ಗೂಡು. ಅದರೊಳಗೆ ಒಂದು ಮೇಜು, ಒಂದು ಮೈಕು, ಕತ್ತು ವಾಲಿದ ಒಂದು ಫ್ಯಾನು, ಮತ್ತು ಈ ಕಥೆಯ ನಾಯಕ.

ಅವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ದಿನ ಮಾತ್ರ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಜನರ ಬಾಯಲ್ಲಿ ಅವನು ಮೈಕಣ್ಣ.

ಮೈಕಣ್ಣನ ಗಂಟಲಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. ಅವನು ಒಮ್ಮೆ ಗಂಟಲು ಸರಿಪಡಿಸಿಕೊಂಡರೆ ಬೆಂಚಿನ ಮೇಲೆ ನಿದ್ದೆ ಹೋದವರು ಎದ್ದು ಕೂರುತ್ತಿದ್ದರು. ತಕರಾರು ಇದ್ದದ್ದು ಗಂಟಲಿನಿಂದ ಹೊರಗೆ ಬರುವ ಮಾತಿನ ಬಗ್ಗೆ. ಎರಡನೇ ಅಂಕಣದ ಬಸ್ಸು ಅವನ ಬಾಯಲ್ಲಿ ಮೂರನೇ ಅಂಕಣಕ್ಕೆ ಬರುತ್ತಿತ್ತು. ಹೊರಟುಹೋದ ಬಸ್ಸು ಇನ್ನೇನು ಬರಲಿದೆ ಎಂದಾಗುತ್ತಿತ್ತು. ಆದರೂ ಯಾರೂ ದೂರು ಕೊಟ್ಟವರಲ್ಲ. ದಿನಾ ಓಡಾಡುವವರು ಅವನ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಸರಿಯಾದ ಕಡೆಗೆ ಹೋಗಿ ನಿಲ್ಲುತ್ತಿದ್ದರು. "ಮೈಕಣ್ಣ ಮೂರು ಅಂದ, ಎರಡಕ್ಕೆ ನಡೀರಿ" ಎಂದು ತಾಯಂದಿರು ಮಕ್ಕಳ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಅಂಥ ಹೊಂದಾಣಿಕೆಯ ಕಾಲ ಅದು.

ಇಂಥ ಮನುಷ್ಯನ ಮದುವೆಗೆ ಬೆಳ್ಳಿಹಬ್ಬ ಬಂತು. ಅದು ತಾನಾಗಿಯೇ ಬಂದು ಹೋಗುತ್ತಿತ್ತೋ ಏನೋ. ಆದರೆ ಅದರ ಹಿಂದಿನ ದಿನ ನಿಲ್ದಾಣದ ಅಧಿಕಾರಿ ಟೀ ಕುಡಿಯುತ್ತ ಕೇಳಿಬಿಟ್ಟರು.

"ಹೆಂಡತಿಗೆ ಏನಯ್ಯಾ ಕೊಡ್ತೀಯ?"

"ಬಕೆಟ್ಟು ಕೊಡೋಣ ಅಂತಿದೀನಿ ಸಾರ್. ಹಳೇದು ಸೋರ್ತಾ ಇದೆ."

ಅಧಿಕಾರಿ ಟೀ ಲೋಟವನ್ನು ಕೆಳಗಿಟ್ಟರು. "ಹೋದ ವರ್ಷ?"

"ಟಾರ್ಚು."

"ಅದಕ್ಕೆ ಮುಂಚೆ?"

"ಇಸ್ತ್ರಿಪೆಟ್ಟಿಗೆ. ಅದು ನನ್ನ ಷರ್ಟಿಗೂ ಆಗುತ್ತೆ ಅಂತ."

"ಅಯ್ಯೋ ಪುಣ್ಯಾತ್ಮ, ಇವೆಲ್ಲಾ ಸಾಮಾನು ಕಣಯ್ಯ. ಉಡುಗೊರೆ ಅಂದ್ರೆ ಅದಕ್ಕೊಂದು ಅರ್ಥ ಇರ್ಬೇಕು. ಯಾಕೆ ಕೊಟ್ಟೆ ಅಂತ ಕೇಳಿದ್ರೆ ಹೇಳೋಕೆ ನಾಲ್ಕು ಮಾತಿರ್ಬೇಕು."

ಮೈಕಣ್ಣನಿಗೆ ಆ ಮಾತು ನಾಟಿತು. ಮಾರನೆಯ ದಿನ ಕೆಲಸ ಮುಗಿದೊಡನೆ ಅರ್ಥವಿರುವ ಉಡುಗೊರೆಯನ್ನು ಹುಡುಕುತ್ತ ಪೇಟೆಗೆ ಹೋದ. ಅಲ್ಲಿ ಎರಡು ದೊಡ್ಡ ಅಂಗಡಿಗಳ ಸಂದಿಯಲ್ಲಿ ಬೆಳ್ಳಿ ಸಾಮಾನಿನ ಒಂದು ಕಿರಿದಾದ ಅಂಗಡಿ. ಅಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಯಜಮಾನಿ ಕೂತಿದ್ದಳು. "ಅರ್ಥ ಇರೋದು ಬೇಕು" ಎಂದ ಮೈಕಣ್ಣ, ಕಿಲೋ ಲೆಕ್ಕದಲ್ಲಿ ಕೇಳುವವನಂತೆ. ಅವಳು ನೀಲಿ ಮಖಮಲ್ಲಿನ ತಟ್ಟೆಯೊಂದನ್ನು ಮುಂದಕ್ಕೆ ತಳ್ಳಿದಳು. ಅದರ ತುಂಬ ಬೌದ್ಧ ಪದಕಗಳು.

"ಇದು ಕಮಲ. ಕೆಸರಲ್ಲಿ ಹುಟ್ಟಿದ್ರೂ ಕೆಸರು ಅಂಟಿಸಿಕೊಳ್ಳಲ್ಲ. ಶುದ್ಧ ಮನಸ್ಸು ಅಂತ ಅರ್ಥ. ಇದು ಚಕ್ರ, ಬುದ್ಧ ಹೇಳಿಕೊಟ್ಟ ದಾರಿ. ಈ ಜೋಡಿಮೀನು ನಿರ್ಭಯವಾಗಿ ನೀರಲ್ಲಿ ಓಡಾಡ್ಕೊಂಡಿರೋದು, ಅಂದ್ರೆ ಸುಖ, ಸ್ವಾತಂತ್ರ್ಯ. ಇದು ಬೋಧಿಯ ಎಲೆ. ಮನೆ, ಹೆಂಡತಿ, ಮಗು, ಅರಮನೆ ಎಲ್ಲಾ ಬಿಟ್ಟು ಹೊರಟವನಿಗೆ ಕೊನೆಗೆ ನೆರಳು ಕೊಟ್ಟ ಮರದ್ದು. ಇನ್ನು ಇದು ಗಂಟು. ನೋಡಿ, ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೊತ್ತಾಗಲ್ಲ. ಎಲ್ಲದಕ್ಕೂ ಎಲ್ಲದರ ಜೊತೆ ನಂಟು. ಬಿಡಿಸೋಕಾಗಲ್ಲ."

ಮೈಕಣ್ಣ ತಟ್ಟೆಯ ಮೇಲೆ ಬಾಗಿ ತುಂಬ ಹೊತ್ತು ನೋಡಿದ. ಕಮಲವನ್ನು ಮುಟ್ಟಿದ, ಮೀನನ್ನು ತಿರುಗಿಸಿದ. ಆಮೇಲೆ ಗಂಟಿನ ಮೇಲೆ ಬೆರಳಿಟ್ಟು, "ಇದೇ" ಎಂದ. ಯಾಕೆ ಎಂದು ಯಜಮಾನಿ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಷ್ಟರಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ದಾರಿಯುದ್ದಕ್ಕೂ ಅವನು ಐದೂ ಅರ್ಥಗಳನ್ನು ಬಾಯಿಪಾಠ ಮಾಡುತ್ತ ನಡೆದ. ಒಂದನ್ನೇ ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ತಿರುವಿನಲ್ಲಿ ಸೈಕಲ್ಲೊಂದು ಅವನ ಮೊಣಕೈ ಸವರಿಕೊಂಡು ಹೋಯಿತು. ಏಟೇನೂ ಬೀಳಲಿಲ್ಲ. ಆದರೆ ತಲೆಯೊಳಗೆ ಕಮಲ, ಚಕ್ರ, ಮೀನು, ಎಲೆ, ಗಂಟು ಒಂದರ ಜಾಗದಲ್ಲಿ ಇನ್ನೊಂದು ಹೋಗಿ ಕೂತವು.

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳ ತಾಯಿ, ಅಂದರೆ ಮೈಕಣ್ಣನ ಅತ್ತೆ, ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದಳು. ಆಕೆಗೆ ಎಡಗಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತಿತ್ತು. ಎದುರುಮನೆಯ ನಿವೃತ್ತ ಚರಿತ್ರೆ ಮೇಷ್ಟ್ರು ವಾಡಿಕೆಯಂತೆ ಪೇಪರು ಓದಲು ಬಂದು ಕೂತಿದ್ದರು. ಮೈಕಣ್ಣ ಪುಟ್ಟ ಡಬ್ಬಿಯನ್ನು ಹೆಂಡತಿಯ ಮುಂದಿಟ್ಟ. ಅವಳು ತೆರೆದು ನೋಡಿದಳು. ಅವಳ ಮುಖ ಅರಳಿತು. ಇಸ್ತ್ರಿಪೆಟ್ಟಿಗೆಗೆ, ಟಾರ್ಚಿಗೆ ಎಂದೂ ಅರಳದಿದ್ದ ರೀತಿಯಲ್ಲಿ ಅರಳಿತು.

"ಏನ್ರೀ ಇದು? ಎಷ್ಟು ಚೆನ್ನಾಗಿದೆ!"

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅವನು ಎದ್ದು ನಿಂತ. ಗಂಟಲು ಸರಿಪಡಿಸಿಕೊಂಡ.

"ಇದಕ್ಕೆ ಅರ್ಥ ಇದೆ. ಇದು ಬುದ್ಧನ ಗಂಟು. ಮನೆ, ಹೆಂಡತಿ, ಎಲ್ಲಾ ಬಿಟ್ಟು ಹೊರಟವನಿಗೆ ಕೊನೆಗೆ ನೆರಳು ಸಿಕ್ತು ಅಂತ. ಆಮೇಲೆ ನಿರ್ಭಯವಾಗಿ, ಸ್ವತಂತ್ರವಾಗಿ, ಸುಖವಾಗಿ ಓಡಾಡ್ಕೊಂಡಿರೋದು."

ಅರಳಿದ ಮುಖ ಅರ್ಧದಲ್ಲೇ ನಿಂತಿತು.

"ಎಲ್ಲಾ ಬಿಟ್ಟು ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ. ಅಂಗಡಿಯವಳು ಒತ್ತಿ ಹೇಳಿದ್ಳು."

ಮೇಷ್ಟ್ರು ಪೇಪರು ಮಡಿಸಿದರು. ನಿವೃತ್ತರಾದ ಮೇಲೆ ಅವರಿಗೆ ಇಂಥ ಅವಕಾಶ ಸಿಕ್ಕಿರಲಿಲ್ಲ. "ನೋಡಮ್ಮಾ, ಗಾಬರಿ ಆಗ್ಬೇಡ. ಚರಿತ್ರೇಲಿ ಇದು ಹೊಸದಲ್ಲ. ಆ ಮಹಾತ್ಮನೂ ಹೊರಡೋಕೆ ಮುಂಚೆ ಹೀಗೇ ಇದ್ದ. ಮಾತು ಕಮ್ಮಿ, ಮುಖದಲ್ಲಿ ಒಂಥರಾ ಮಂಕು..."

"ಇವರ ಮುಖದಲ್ಲಿ ಅದು ಮೊದಲಿಂದಾನೂ ಇದೆ ಮೇಷ್ಟ್ರೇ."

"ಅದೇ ಅಮ್ಮಾ! ನಾವು ಗಮನಿಸಲಿಲ್ಲ."

"ಯಾರು ಹೊರಟಿದ್ದು?" ಎಂದಳು ಅತ್ತೆ. "ಎಷ್ಟು ಗಂಟೆಗೆ ಬಸ್ಸು?"

"ಯಾರೂ ಹೊರಟಿಲ್ಲ!" ಎಂದು ಮೈಕಣ್ಣ ಕೂಗಿದ. ಅವನು ಬಸ್ಸಿನ ಬಗ್ಗೆ ಏನೇ ಹೇಳಿದರೂ ಅದರ ತಿರುವುಮುರುವನ್ನು ನಂಬುವುದು ಆ ಮನೆಯ ಅಭ್ಯಾಸವಾಗಿಬಿಟ್ಟಿತ್ತು. ಹೆಂಡತಿ ಡಬ್ಬಿಯ ಮುಚ್ಚಳ ಹಾಕಿ, ಬಟ್ಟೆಗಳ ನಡುವೆ ಇಟ್ಟು ಒಳಗೆ ಹೋದಳು. ರೇಗಲಿಲ್ಲ. ಅವಳು ರೇಗಿದರೆ ಮೈಕಣ್ಣನಿಗೆ ಏನು ಮಾಡಬೇಕೆಂದು ಗೊತ್ತಿತ್ತು, ತಲೆ ತಗ್ಗಿಸಿ ನಿಂತರೆ ಸಾಕು. ರೇಗದಿದ್ದರೆ ಏನು ಮಾಡಬೇಕೆಂದು ಮದುವೆಯಾದಾಗಿನಿಂದ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಮೇಷ್ಟ್ರ ದಯೆಯಿಂದ ಬೀದಿಗೆಲ್ಲ ವಿಷಯ ಗೊತ್ತಾಗಿತ್ತು. ಮೈಕಣ್ಣನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಮಧ್ಯಾಹ್ನದ ಪಾಳಿಗೆ ಮುಂಚೆ ತಲೆಗೂದಲು ಕತ್ತರಿಸಿಕೊಂಡು ಹೆಂಡತಿಯ ಕಣ್ಣಿಗೆ ಸ್ವಲ್ಪ ಚೆನ್ನಾಗಿ ಕಾಣಿಸೋಣವೆಂದು ಕ್ಷೌರದಂಗಡಿಗೆ ಹೋಗಿ ಕೂತ. ಕ್ಷೌರಿಕ ಅವನನ್ನು ನೋಡಿದವನೇ ರೇಡಿಯೋ ನಿಲ್ಲಿಸಿದ.

"ಸ್ವಲ್ಪ ಕಮ್ಮಿ ಮಾಡಪ್ಪ" ಎಂದು ಹೇಳಿ ಮೈಕಣ್ಣ ಕಣ್ಣು ಮುಚ್ಚಿದ. ರಾತ್ರಿ ಸರಿಯಾಗಿ ನಿದ್ದೆಯಾಗಿರಲಿಲ್ಲ. ಕತ್ತರಿಯ ಸದ್ದಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಕನ್ನಡಿಯಲ್ಲಿ ಬೇರೆ ಯಾರೋ ಕೂತಿದ್ದರು. ಹುಡುಕಿದರೂ ಒಂದು ಕೂದಲಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕು ನೆತ್ತಿಯ ಮೇಲೆ ಬಿದ್ದು ಎದುರಿನ ಗೋಡೆಗೆ ಹೊಡೆಯುತ್ತಿತ್ತು.

"ಏನಯ್ಯಾ ಮಾಡಿದೆ! ಸ್ವಲ್ಪ ಅಂದಿದ್ನಲ್ಲಾ!"

"ಎಲ್ಲಾ ಬಿಡೋರಿಗೆ ಸ್ವಲ್ಪ ಯಾಕಣ್ಣಾ ಬಾಕಿ?" ಎಂದ ಕ್ಷೌರಿಕ, ಗದ್ಗದಿತನಾಗಿ. "ದುಡ್ಡು ಬೇಡ. ಈ ಭಾಗ್ಯ ಯಾರಿಗೆ ಸಿಗುತ್ತೆ! ಹೋದ ಮೇಲೆ ನಮ್ಮನ್ನ ನೆನೆಸ್ಕೋ."

"ಎಲ್ಲಿಗೆ ಹೋದ ಮೇಲೆ?"

ಕ್ಷೌರಿಕ ಟವಲಿನಿಂದ ಕಣ್ಣೊರೆಸಿಕೊಂಡ.

ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಬಾಗಿಲು ತೆರೆದಳು. ಆ ತಲೆಯನ್ನು ನೋಡಿದಳು. ಒಳಗೆ ಹೋಗಿ ತಟ್ಟೆ ಹಾಕಿ ಬಡಿಸಿದಳು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡು, "ಯಾರೋ ಹೊಸಬರು ಬಂದಿದಾರೆ, ನೀರು ಕೊಡೇ" ಎಂದಳು. ಮೈಕಣ್ಣ ಊಟ ಮುಗಿಸಿ, ಒಂದು ಕುಂಟು ನೆಪವನ್ನೂ ಹೇಳದೆ ಹೊರಗೆ ಬಿದ್ದ. ಅವನ ಬೆನ್ನ ಹಿಂದೆಯೇ ಬೀರುವಿನ ಬಾಗಿಲು ತೆಗೆದ ಸದ್ದಾಯಿತು.

ನಿಲ್ದಾಣದಲ್ಲಿ ಅಧಿಕಾರಿ ಅವನನ್ನು ನೋಡಿ ಕುರ್ಚಿಯಿಂದ ಎದ್ದರು. ಅಷ್ಟು ವರ್ಷಗಳಲ್ಲಿ ಅವರು ಅವನಿಗಾಗಿ ಎದ್ದದ್ದು ಅದೇ ಮೊದಲು.

"ಅರ್ಥ ಇರೋದು ಕೊಡು ಅಂದಿದ್ದು ನಿಜ ಕಣಯ್ಯ. ಆದ್ರೆ ಇಷ್ಟು ಅರ್ಥ ಬೇಕಿರಲಿಲ್ಲ."

"ನಾನು ಎಲ್ಲಿಗೂ ಹೋಗ್ತಿಲ್ಲ ಸಾರ್."

ಅಧಿಕಾರಿ ಪಕ್ಕದಲ್ಲಿದ್ದ ಕಂಡಕ್ಟರನ ಕಡೆ ತಿರುಗಿದರು. "ಕೇಳಿದ್ಯಾ? ಹೋಗೋನು ಯಾರು, ಹೋಗೋದು ಎಲ್ಲಿಗೆ! ಬಸ್‌ಸ್ಟ್ಯಾಂಡಲ್ಲಿ ಕೂತು ಇವನು ಎಲ್ಲಿಗೆ ಮುಟ್ಟಿದಾನೆ ನೋಡು."

"ಹಾಗಲ್ಲ ಸಾರ್, ಸುಮ್ನೆ ಬಾಯಿತಪ್ಪಿ..."

"ಮಾತಿಗೆ ಸಿಗೋದಲ್ಲ ಅದು, ಗೊತ್ತು ಬಿಡು. ಅಂದಹಾಗೆ ಆ ಫ್ಯಾನು ನೀನು ಹೋದ ಮೇಲೆ ನನ್ನ ರೂಮಿಗೆ ಹಾಕಿಸ್ಕೊಳ್ಲಾ?"

ಮೈಕಣ್ಣ ಗೂಡಿನೊಳಗೆ ಹೋಗಿ ಕೂತ. ಗಾಜಿನ ಹೊರಗೆ ಜನ ಸೇರತೊಡಗಿದರು. ಕಂಡಕ್ಟರು ಬಾಗಿಲಲ್ಲಿ ತಲೆ ತೂರಿಸಿ ಮೆಲ್ಲಗೆ, "ಅಣ್ಣಾ, ನನ್ನ ಮಗಳಿಗೆ ಇನ್ನೂ ಗಂಡು ಸಿಕ್ಕಿಲ್ಲ" ಎಂದ. ಮೈಕಣ್ಣ ಆಗ ಗೋಡೆಗಡಿಯಾರ ನೋಡುತ್ತ, ಬರಬೇಕಾಗಿದ್ದ ಬಸ್ಸಿನ ಚಿಂತೆಯಲ್ಲಿದ್ದ. "ದಾರೀಲಿದೆ, ಸ್ವಲ್ಪ ತಡ ಅಷ್ಟೇ. ಬಂದೇ ಬರುತ್ತೆ" ಎಂದ. ಕಂಡಕ್ಟರು ಕೈಮುಗಿದು ಹಿಂದೆ ಸರಿದು, ತನ್ನ ಹಿಂದಿದ್ದವರಿಗೆ ಇದನ್ನು ಹೇಳಿದ. ಅವರು ಅವರ ಹಿಂದಿದ್ದವರಿಗೆ ಹೇಳಿದರು. ಗುಂಪು ದೊಡ್ಡದಾಯಿತು.

ಇಷ್ಟು ಕಣ್ಣುಗಳು ತನ್ನ ಬೋಳುತಲೆಯ ಮೇಲಿದ್ದಾಗ ಯಾರ ನಾಲಿಗೆ ತಾನೇ ನೆಟ್ಟಗಿರುತ್ತದೆ? ಮೈಕಣ್ಣ ಮೈಕಿನ ಗುಂಡಿ ಒತ್ತಿದ. "ಪ್ರಯಾಣಿಕರ ಗಮನಕ್ಕೆ. ಹೊರಡುವವರು ತಮ್ಮ ಸಾಮಾನುಗಳನ್ನು ಇಲ್ಲೇ ಬಿಟ್ಟು ಹೋಗಿ."

ಬೆಂಚಿನ ಮೇಲಿದ್ದ ಮುದುಕನೊಬ್ಬ ತನ್ನ ಚೀಲವನ್ನು ನೋಡಿಕೊಂಡ, ಮೈಕಣ್ಣನನ್ನು ನೋಡಿದ, ಚೀಲವನ್ನು ಕೆಳಗಿಟ್ಟು ಬರಿಗೈಯಲ್ಲಿ ಎದ್ದ.

"ಕ್ಷಮಿಸಿ! ಬಿಟ್ಟು ಹೋಗಬೇಡಿ! ಯಾರೂ ಏನನ್ನೂ ಬಿಡಬೇಡಿ! ನಾನೂ ಏನೂ ಬಿಡ್ತಿಲ್ಲ!"

"ಬಿಡೋದನ್ನೂ ಬಿಟ್ಟಿದಾನಪ್ಪ" ಎಂದು ಯಾರೋ ಉದ್ಗರಿಸಿದರು.

ಆ ಗದ್ದಲದ ನಡುವೆ ಗುಂಪು ಇಬ್ಭಾಗವಾಯಿತು. ಹೆಂಡತಿ ಬರುತ್ತಿದ್ದಳು. ಅವಳ ಕೈಯಲ್ಲಿ ಕಬ್ಬಿಣದ ಟ್ರಂಕು. ಹಿಂದೆ ಅತ್ತೆ, ಅತ್ತೆಯ ತೋಳು ಹಿಡಿದುಕೊಂಡು ಮೇಷ್ಟ್ರು. ಹೆಂಡತಿ ಗೂಡಿನೊಳಕ್ಕೆ ಬಂದು ಟ್ರಂಕನ್ನು ಮೇಜಿನ ಮೇಲೆ ದಡಕ್ಕನೆ ಇಟ್ಟಳು. ಮೈಕು ಅಲುಗಾಡಿತು. ಅದನ್ನು ಹಿಡಿಯಲು ಹೋದ ಮೈಕಣ್ಣನ ಹೆಬ್ಬೆರಳು ಗುಂಡಿಯ ಮೇಲೆ ಕೂತಿತು, ಅಲ್ಲೇ ಉಳಿಯಿತು. ಅದು ಅವನಿಗೆ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ.

"ತಗೊಳ್ಳಿ" ಎಂದಳು ಅವಳು. ಅವಳ ದನಿ ನಿಲ್ದಾಣದ ಎಂಟೂ ಮೂಲೆಯ ಧ್ವನಿವರ್ಧಕಗಳಲ್ಲಿ ಮೊಳಗಿತು. "ನಾಲ್ಕು ಷರ್ಟು, ಎರಡು ಪ್ಯಾಂಟು, ಮಫ್ಲರ್ ಇಟ್ಟಿದೀನಿ. ಮಂಡಿನೋವಿನ ಎಣ್ಣೆ ಕೆಳಗಡೆ ಇದೆ, ಮುಚ್ಚಳ ಸಡಿಲ, ಉಲ್ಟಾ ಹಿಡೀಬೇಡಿ. ಮರದ ಕೆಳಗೆ ಕೂರೋರಿಗೆ ಬೇಕಾಗುತ್ತೆ. ಆ ಮಹಾತ್ಮ ಹೆಂಡತಿ ಮಲಗಿದ್ದಾಗ ಹೇಳದೆ ಹೋದ. ನನ್ನ ಹತ್ತಿರ ಅದು ನಡೆಯಲ್ಲ. ಹೋಗೋದಾದ್ರೆ ಹಗಲು ಹೊತ್ತಲ್ಲಿ, ನನ್ನ ಮುಖ ನೋಡಿ, ಹೇಳಿ ಹೋಗಿ."

"ಹೋಗ್ತೀನಿ ಅಂತ ಯಾರು ಅಂದಿದ್ದು ನಿಂಗೆ?"

"ನೀವೇ ಅಂದಿದ್ದು! ಉಡುಗೊರೆ ಕೊಟ್ಟು ಅಂದ್ರಿ. ಸೋರೋ ಬಕೆಟ್ಟಲ್ಲಿ ಇಷ್ಟು ವರ್ಷ ನೀರು ಹಿಡಿದೆ, ಒಂದಿನ ಕೇಳಿದ್ನಾ? ನನಗೆ ಅಂತ ಯೋಚನೆ ಮಾಡಿ ಒಂದು ತಂದ್ರಲ್ಲಾ ಅಂತ ಖುಷಿಯಾಯ್ತು. ಆ ಖುಷಿ ಅರ್ಧ ನಿಮಿಷ ಇರೋಕೆ ಬಿಡಲಿಲ್ಲ ನೀವು."

ಅವಳ ದನಿ ಒಡೆಯಿತು. ಹೊರಗೆ ಕಡ್ಲೆಕಾಯಿ ಸುಲಿಯುತ್ತಿದ್ದವರ ಕೈಗಳು ಗಾಳಿಯಲ್ಲೇ ನಿಂತವು.

ಮೈಕಣ್ಣ ಟ್ರಂಕಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಹೇಳಬೇಕಾದ ಮಾತನ್ನು ಅವನು ಯಾವ ಅಂಗಡಿಯವಳಿಂದಲೂ ಬಾಯಿಪಾಠ ಮಾಡಿಕೊಂಡು ಬಂದಿರಲಿಲ್ಲ. ಅದಕ್ಕೇ ಇರಬೇಕು, ಅದು ಅದಲುಬದಲಾಗದೆ ಬಂತು.

"ಅದರ ಅರ್ಥ ನನಗೇನು ಗೊತ್ತು ಮಾರಾಯ್ತಿ. ಅವಳು ಏನೇನೋ ಹೇಳಿದ್ಳು, ನಾನು ಎಲ್ಲಾ ಕಲಸಿಬಿಟ್ಟೆ. ನಾನು ಅದನ್ನ ಆರಿಸಿದ್ದು ಅರ್ಥಕ್ಕಲ್ಲ. ಮದುವೆ ಆದ ಹೊಸದ್ರಲ್ಲಿ ನೀನು ನನ್ನ ಕರ್ಚೀಫಿನ ತುದಿಗೆ ಗಂಟು ಹಾಕಿ ಕಳಿಸ್ತಿದ್ದೆಯಲ್ಲ, ಬರ್ತಾ ಏನಾದ್ರೂ ತರೋದು ಮರೀಬಾರ್ದು ಅಂತ?"

ಅವಳು ಟ್ರಂಕಿನ ಮೇಲಿಂದ ಕೈ ತೆಗೆದಳು.

"ಗಂಟು ಕಾಣಿಸ್ತಿತ್ತು. ಯಾತಕ್ಕೆ ಅಂತ ಮಾತ್ರ ನೆನಪಾಗ್ತಿರಲಿಲ್ಲ. ಒಂದಿನ ನೀನು ಉಪ್ಪಿಗೆ ಹಾಕಿದ್ದೆ, ನಾನು ಸೋಪು ತಂದೆ."

"ಸೋಪಲ್ಲ" ಎಂದಳು ಅವಳು. "ಮೊಳೆ. ಸೋಪು ತಂದಿದ್ದು ದೀಪದ ಬತ್ತಿಗೆ ಗಂಟು ಹಾಕಿದ ದಿನ."

"ಹ್ಞೂ, ಮೊಳೆ. ನೀನು ಬಾಗಿಲಿಗೆ ಒರಗಿಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಯಾವಾಗ್ಲೋ ಗಂಟು ಹಾಕೋದೇ ಬಿಟ್ಟೆ. ಬೇಸತ್ತು ಹೋಗಿರ್ಬೇಕು, ಇವನ ಹತ್ರ ಏನು ಹೇಳಿದ್ರೂ ಅಷ್ಟೇ ಅಂತ ಸುಮ್ನಾಗಿರ್ಬೇಕು ಅಂದ್ಕೊಂಡೆ. ಅಂಗಡೀಲಿ ಆ ಬೆಳ್ಳಿ ಗಂಟು ನೋಡಿದ ತಕ್ಷಣ ಅದೇ ನೆನಪಾಯ್ತು. ಗಂಟು ನೋಡಿ ಯಾತಕ್ಕೆ ಅಂತ ನನಗೆ ನೆನಪಾಗಿದ್ದು ಜೀವಮಾನದಲ್ಲಿ ಅದೊಂದೇ ಸಲ."

"ಬೇಸತ್ತು ಬಿಡಲಿಲ್ಲ ನಾನು" ಎಂದಳು ಹೆಂಡತಿ. "ನಿಮ್ಮ ಅಧಿಕಾರಿ ಆ ಗಂಟು ನೋಡಿ ಎಲ್ಲರ ಮುಂದೆ ನಕ್ಕರು ಅಂತ ನೀವೇ ಬಂದು ಹೇಳಿದ್ರಿ. ನನ್ನಿಂದ ನಿಮಗೆ ಅವಮಾನ ಬೇಡ ಅಂತ ಬಿಟ್ಟೆ."

"ಹೌದಾ? ನಾನು ಹೇಳಿದ್ನಾ?"

"ಹೇಳಿದ್ರಿ."

"ಮರೆತೇಬಿಟ್ಟಿದೀನಿ ನೋಡು. ಗಂಟು ಹಾಕಿದ್ರೆ ನೆನಪಿರ್ತಿತ್ತೋ ಏನೋ."

ಅವಳು ನಗಬಾರದು ಎಂದುಕೊಂಡಳು. ಆದರೆ ಎದುರಿಗಿದ್ದದ್ದು ಆ ಮುಖ, ಅದರ ಮೇಲೆ ಆ ಬೋಳುತಲೆ. ನಗು ಮೂಗಿನಿಂದ ಹೊರಟು ಬಾಯಿಗೆ ಬಂದು ಧ್ವನಿವರ್ಧಕಗಳಿಗೆ ತಲುಪಿತು. ಇಡೀ ನಿಲ್ದಾಣ ನಕ್ಕಿತು. ಆಗಲೇ ಇಬ್ಬರಿಗೂ ಗೊತ್ತಾದದ್ದು. ಮೈಕಣ್ಣ ಹೆಬ್ಬೆರಳು ನೋಡಿಕೊಂಡ. ಹೆಂಡತಿ ಗಾಜಿನ ಹೊರಗೆ ನೋಡಿದಳು. ಬೀದಿಯ ಅರ್ಧ ಜನ ಅಲ್ಲಿದ್ದರು. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. "ಚರಿತ್ರೇಲಿ ಹೀಗೆ ಆಗಿದ್ದಿಲ್ಲ" ಎಂದು ಅತ್ತೆಗೆ ಹೇಳಿದರು. ಅತ್ತೆ, "ಬಸ್ಸು ತಪ್ಪಿಹೋಯ್ತಾ?" ಎಂದಳು.

ಆ ಪ್ರಶ್ನೆ ಕೇಳಿದ ಮೇಲೆಯೇ ಎಲ್ಲರಿಗೂ ಬಸ್ಸಿನ ನೆನಪಾಯಿತು. ಹೊತ್ತು ಮೀರಿದ ಗಾಡಿಗಳು ಸಾಲಾಗಿ ನಿಂತಿದ್ದವು. ಚಾಲಕರು ಕೂಡ ಇಳಿದು ಬಂದು ಗುಂಪಿನಲ್ಲಿ ಸೇರಿಕೊಂಡಿದ್ದರು. ಅಧಿಕಾರಿ ಗೂಡಿಗೆ ಓಡಿಬಂದರು. "ಕೂಗಯ್ಯಾ ಬೇಗ! ಎಲ್ಲಾ ನಿಂತುಬಿಟ್ಟಿದೆ!"

ಮೈಕಣ್ಣ ಬಾಯಿ ತೆರೆದ. ಸದ್ದು ಬರಲಿಲ್ಲ. ಮತ್ತೊಮ್ಮೆ ತೆರೆದ. ಮತ್ತೆ ಬರಲಿಲ್ಲ. ಹೆಂಡತಿ ಅವನ ಕೈಯಿಂದ ಮೈಕನ್ನು ತೆಗೆದುಕೊಂಡು, ಗಾಜಿನಾಚೆ ನಿಂತ ಗಾಡಿಗಳ ಹಣೆಪಟ್ಟಿಗಳನ್ನು ಒಂದೊಂದಾಗಿ ಓದುತ್ತ ಕೂಗತೊಡಗಿದಳು. ಮೊದಲನೇ ಅಂಕಣದ ಗಾಡಿ ಮೊದಲನೆಯದಾಗಿಯೇ ಹೋಯಿತು, ಎರಡನೆಯದು ಎರಡನೆಯದಾಗಿ. ಹೇಳಿದ್ದನ್ನು ತಿದ್ದಿಕೊಂಡೇ ಅಭ್ಯಾಸವಾಗಿದ್ದ ಜನ ತಪ್ಪು ಅಂಕಣಗಳಿಗೆ ಓಡಿ ಮತ್ತೆ ಹಿಂದಕ್ಕೆ ಓಡಿಬಂದರು. ಅವಳು ಗದರಿದಳು: "ಹೇಳಿದ ಕಡೆಗೇ ಹೋಗ್ರಪ್ಪಾ, ಸರಿಯಾಗೇ ಹೇಳ್ತಿದೀನಿ!" ಆ ಸಂಜೆ ಅಲ್ಲಿದ್ದವರು ಈಗ ಮುದುಕರಾಗಿದ್ದಾರೆ. ಯಾವ ನಿಲ್ದಾಣಕ್ಕೆ ಹೋದರೂ ಆ ಗದರಿಕೆಯ ಮಾತೆತ್ತಿ ಪಕ್ಕದವರನ್ನು ಹಿಡಿದು ಕೂರಿಸುತ್ತಾರೆ.

ಕೊನೆಯ ಗಾಡಿಯೂ ಹೊರಟಿತು. ಅಧಿಕಾರಿ ಬೆವರೊರೆಸಿಕೊಂಡು, ಪಾಳಿ ಮುಗಿಯಲು ಹೊತ್ತಿದ್ದರೂ, "ಕರ್ಕೊಂಡು ಹೋಗಮ್ಮಾ ಇವನನ್ನ" ಎಂದರು. ಮೈಕಣ್ಣ ಟ್ರಂಕು ಎತ್ತಿಕೊಂಡ. ಉಲ್ಟಾ ಹಿಡಿದಿದ್ದ. ಅವಳು ಅದನ್ನು ಅವನ ಕೈಯಲ್ಲೇ ನೆಟ್ಟಗೆ ತಿರುಗಿಸಿ, ಮತ್ತೊಮ್ಮೆ ಮೈಕಿನ ಹತ್ತಿರ ಬಾಗಿದಳು.

"ಎಲ್ಲರ ಗಮನಕ್ಕೆ. ನಮ್ಮ ಮನೆಯವರು ಈಗ ಹೊರಟಿದ್ದಾರೆ. ಮನೆಗೆ. ಯಾರೂ ಕೈಮುಗಿಯಬೇಡಿ."